ಅಮಲ್ದಾರರ ಚಿಪ್ಪು

ಬಟವಾಡಿಯ ಎರಡನೇ ಅಡ್ಡರಸ್ತೆಯ ಆ ಬಾಡಿಗೆ ಮನೆಯಲ್ಲಿ ಬೆಳಗ್ಗೆ ಹನ್ನೊಂದಕ್ಕೆ ಸರಿಯಾಗಿ ವಾರ್ತಾಪ್ರಸಾರ ಶುರುವಾಗುತ್ತಿತ್ತು. ವಾರ್ತೆ ಓದುವವರು ಹನುಮಕ್ಕ. ಫೋನಿನ ಆ ತುದಿಯಲ್ಲಿ ಕೇಳುವವರು ಹುಲಿಯೂರುದುರ್ಗದಲ್ಲಿದ್ದ ಅವರ ತಂಗಿ ರೇವಮ್ಮ. ವಾರ್ತೆಯ ವಸ್ತು, ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ ಸೊಸೆ ಬಿಂದುಶ್ರೀ.

“ಏನೇಳ್ಲಿ ರೇವಿ. ಇವತ್ತು ಸಾರಿಗೆ ಹುಣಸೆಹಣ್ಣು ಯಾವ ಪಾಟಿ ಸುರುದವ್ಳೆ ಅಂದ್ರೆ, ಹಲ್ಲೆಲ್ಲ ಜುಂ ಅಂತಾವೆ. ಇರೋದೇ ಎಂಟಲ್ಲು. ಹೂಂ ಕಣೇ, ಒಗ್ಗರಣೆನೂ ಸೀದೋಗಿತ್ತು. ಹೇಳಕ್ಕಾಗ್ತದಾ. ನಾನ್ಯಾಕೇಳ್ಲಿ, ನಾನು ಯಾರ ತಂಟೆಗೂ ಹೋಗೋಳಲ್ಲ ಬುಡು.”

ಹನುಮಕ್ಕ ಗುಬ್ಬಿ ತಾಲ್ಲೂಕಿನ ಕಡಬದವರು. ಎರಡು ವರ್ಷದ ಹಿಂದೆ ಮಂಡಿನೋವು ತೋರಿಸಿಕೊಳ್ಳಲು ಹದಿನೈದು ದಿನದ ಮಟ್ಟಿಗೆಂದು ಮಗನ ಮನೆಗೆ ಬಂದರು. ಮಂಡಿ ನೆಟ್ಟಗಾಯಿತು, ಆ ಹದಿನೈದು ದಿನ ಮಾತ್ರ ಇನ್ನೂ ಮುಗಿದಿರಲಿಲ್ಲ. ಅದಕ್ಕಾಗಿ ಬಿಂದುಶ್ರೀಗೆ ಬೇಸರವೇನೂ ಇರಲಿಲ್ಲ (ಇತ್ತು, ಹೇಳಿಕೊಳ್ಳುವಷ್ಟಿರಲಿಲ್ಲ). ಅವಳ ಕಷ್ಟ ಬೇರೆಯೇ. ಅತ್ತೆ ಒಂದು ದಿನವೂ ಅವಳ ಮುಖಕ್ಕೆ ಒಂದು ಮಾತು ಅಂದವರಲ್ಲ. ಎದುರಿಗೆ ಬೈದರೆ ಎದುರಿಗೇ ಉತ್ತರ ಕೊಡಬಹುದು. ಹುಲಿಯೂರುದುರ್ಗದ ಮುಖಾಂತರ ಬೈದರೆ ಉತ್ತರವನ್ನು ಯಾವ ಬಸ್ಸಿಗೆ ಹಾಕಿ ಕಳಿಸುವುದು?

ರೇವಮ್ಮನವರಾದರೂ ಬಂದ ಸುದ್ದಿಯನ್ನು ತಮ್ಮಲ್ಲೇ ಕೂಡಿಟ್ಟುಕೊಳ್ಳುವ ಸ್ವಾರ್ಥಿಯಲ್ಲ. ಹನ್ನೊಂದಕ್ಕೆ ಕೇಳಿದ್ದನ್ನು ಹನ್ನೆರಡರೊಳಗೆ ಕುಣಿಗಲ್ಲು, ಗುಬ್ಬಿ, ಕಡಬಗಳಿಗೆ ಸಮನಾಗಿ ಹಂಚಿ ಆಮೇಲೆ ಊಟಕ್ಕೆ ಕೂರುವರು. ಮೊನ್ನೆ ಗುಬ್ಬಿಯಲ್ಲಿ ನೆಂಟರ ಮನೆಯ ನಾಮಕರಣಕ್ಕೆ ಹೋದಾಗ, ಬಿಂದುಶ್ರೀ ಜನ್ಮದಲ್ಲಿ ನೋಡಿರದ ಒಬ್ಬ ಮುದುಕಿ ಪಕ್ಕದ ಎಲೆಯಿಂದ ಬಾಗಿ ಕೇಳಿದ್ದಳು: “ಒಗ್ಗರಣೆ ಸೀಯಿಸೋ ಸೊಸೆ ನೀನೇನವ್ವ?” ಆಮೇಲೆ ಸಮಾಧಾನಕ್ಕೆಂದು, “ನೋಡಕ್ಕೆ ಲಕ್ಷಣವಾಗೇ ಇದೀಯ” ಎಂದೂ ಸೇರಿಸಿದ್ದಳು. ಬಿಂದುಶ್ರೀ ಅಂದಿನ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದಿದ್ದಳು.

ಗಂಡನಿಗೆ ಹೇಳಿ ನೋಡಿದಳು. ಗಂಡ ಜಯಪ್ರಕಾಶ್ ಸಹಕಾರ ಸಂಘವೊಂದರಲ್ಲಿ ಗುಮಾಸ್ತ. ಇಬ್ಬರು ಸದಸ್ಯರು ಜಗಳವಾಡಿಕೊಂಡು ಬಂದರೆ ಇಬ್ಬರಿಗೂ ಕುರ್ಚಿ ಹಾಕಿ ತಾನು ಟೀ ಕುಡಿಯಲು ಹೋಗುವ ಜಾತಿಯವನು.

“ಅಮ್ಮ ಹೇಳೋದೂ ನಿಜ, ನೀನು ಹೇಳೋದೂ ನಿಜ” ಎಂದ.

“ಒಗ್ಗರಣೆ ಸೀದಿತ್ತಾ ಇಲ್ವಾ, ಅದನ್ನ ಹೇಳಿ.”

“ನನಗೆ ಹಾಗೂ ಇಷ್ಟ, ಹೀಗೂ ಇಷ್ಟ.”

ಆ ಮನೆಯಲ್ಲಿ ಯಾರ ಪಕ್ಷವನ್ನೂ ವಹಿಸದ ಇನ್ನೊಂದು ಜೀವವಿತ್ತು, ಬೆಕ್ಕು. ಬೂದು ಮೈ, ಬಿಳಿ ಎದೆ, ಒಂದು ಕಿವಿ ತುಸು ಹರಿದಿತ್ತು. ಅದಕ್ಕೆ ಅಮಲ್ದಾರ ಎಂದು ಹೆಸರಿಟ್ಟವರು ಹನುಮಕ್ಕನೇ. ಅವರ ಬಾಲ್ಯದಲ್ಲಿ ತಾಲ್ಲೂಕು ಕಚೇರಿಯಿಂದ ಕಂದಾಯಕ್ಕೆಂದು ಕಡಬಕ್ಕೆ ಬರುತ್ತಿದ್ದ ಅಮಲ್ದಾರರೂ ಹೀಗೆಯೇ ಕೇಳದೆ ಒಳಗೆ ಬಂದು, ಎಲ್ಲ ಪಾತ್ರೆಗಳನ್ನೂ ಮೂಸಿ ನೋಡಿ, ಕೊಟ್ಟ ಹಾಲು ಕುಡಿದು, ಯಾರ ಅರ್ಜಿಗೂ ಉತ್ತರ ಕೊಡದೆ ಹೋಗುತ್ತಿದ್ದರಂತೆ. ಅತ್ತೆ ಸೊಸೆ ಇಬ್ಬರೂ ತಕರಾರಿಲ್ಲದೆ ಒಪ್ಪಿದ್ದ ಒಂದೇ ಸಂಗತಿ ಅಮಲ್ದಾರ. ಹನುಮಕ್ಕ ತಮ್ಮ ಮೊಸರನ್ನದಲ್ಲಿ ಪಾಲು ಕೊಡುವರು. ಬಿಂದುಶ್ರೀ ಹಾಲಿನ ಕೆನೆ ಕೊಡುವಳು. ಒಬ್ಬರು ಕೊಡುವುದು ಇನ್ನೊಬ್ಬರಿಗೆ ಗೊತ್ತಿಲ್ಲವೆಂದುಕೊಂಡು ಅಮಲ್ದಾರರು ಎರಡನ್ನೂ ಸ್ವೀಕರಿಸುವರು.

ಜೂನ್ ಮಧ್ಯದಲ್ಲಿ ಅಮಲ್ದಾರರು ಮೂರು ದಿನ ಕಾಣೆಯಾದರು. ನಾಲ್ಕನೆಯ ದಿನ ಯಾರದೋ ಬೀಗ ಹಾಕಿದ ಗೋದಾಮಿನಿಂದ ಸೊರಗಿ ಹೊರಬಂದರು. ಅಷ್ಟರಲ್ಲಿ ಮನೆಯವರೆಲ್ಲ ಅರ್ಧವಾಗಿದ್ದರು. ಅದೇ ವಾರ ಜಯಪ್ರಕಾಶ್ ರಸ್ತೆಯಾಚೆಯ ಪ್ರಾಣಿಗಳ ಕ್ಲಿನಿಕ್ಕಿನಲ್ಲಿ ಒಂದು ಫಲಕ ನೋಡಿ ಬಂದ. ಸಾಕುಪ್ರಾಣಿಗಳ ಮೈಯೊಳಗೆ ಚಿಪ್ ಹಾಕುತ್ತಾರೆ, ಕಳೆದುಹೋದರೆ ಯಾರ ಮನೆಯದೆಂದು ತಿಳಿಯುತ್ತದೆ ಎಂದು ಅದರಲ್ಲಿ ಬರೆದಿತ್ತಂತೆ.

“ಚಿಪ್ಪಾ?” ಎಂದರು ಹನುಮಕ್ಕ. ಅವರಿಗೆ ಗೊತ್ತಿದ್ದದ್ದು ತೆಂಗಿನ ಚಿಪ್ಪು. “ಅಷ್ಟು ದೊಡ್ಡದನ್ನ ಬೆಕ್ಕಿನೊಳಗೆ ಎಲ್ಲಿಗಪ್ಪ ತುರುಕ್ತಾರೆ?”

ಭಾನುವಾರ ಬೆಳಗ್ಗೆ ಅಮಲ್ದಾರರನ್ನು ಸೊಪ್ಪಿನ ಬುಟ್ಟಿಯಲ್ಲಿ ಕೂರಿಸಿ, ಮೇಲೊಂದು ಟವೆಲು ಹೊದಿಸಿ ಮೂವರೂ ಹೊರಟರು. ಕ್ಲಿನಿಕ್ಕಿನ ಡಾಕ್ಟರ್ ಕೋಮಲಾ ಅಕ್ಕಿಕಾಳಿನಷ್ಟು ಗಾಜಿನ ತುಣುಕೊಂದನ್ನು ತೋರಿಸಿ, ಸೂಜಿಯಲ್ಲಿ ಅದನ್ನು ಅಮಲ್ದಾರರ ಭುಜಗಳ ನಡುವೆ ಚರ್ಮದಡಿಗೆ ಇಳಿಸಿಬಿಟ್ಟರು. ಅಮಲ್ದಾರರು ಒಮ್ಮೆ ಹುಬ್ಬು ಗಂಟಿಕ್ಕಿದರು, ಅಷ್ಟೇ. ಆಮೇಲೆ ಡಾಕ್ಟರು ಒಂದು ಯಂತ್ರ ಹಿಡಿದರು. ಅದು ಟಿಕ್ ಎಂದು ಹದಿನೈದು ಅಂಕಿಯ ಸಂಖ್ಯೆ ತೋರಿಸಿತು. (ಮನುಷ್ಯರ ಆಧಾರಿಗೆ ಹನ್ನೆರಡೇ ಅಂಕಿ. ಯಾರು ಹೆಚ್ಚು ಎಂದು ಇನ್ನು ಚರ್ಚೆ ಬೇಕಿಲ್ಲ.) ಅರ್ಜಿಯಲ್ಲಿ ಹೆಸರು, ವಿಳಾಸ, ಫೋನ್ ನಂಬರ್ ಬರೆಯಬೇಕಿತ್ತು. ಜಯಪ್ರಕಾಶ್ ಫೋನ್ ಎತ್ತುವವನಲ್ಲವಾದ್ದರಿಂದ ಬಿಂದುಶ್ರೀಯ ನಂಬರ್ ಬರೆದರು.

“ಇನ್ನು ಚಿಂತೆ ಬಿಡಿ” ಎಂದರು ಡಾಕ್ಟರು. “ಎಲ್ಲೇ ಸಿಕ್ಕಿದ್ರೂ ಸ್ಕ್ಯಾನ್ ಮಾಡಿ ಈ ನಂಬರ್ ಕಂಪ್ಯೂಟರಿಗೆ ಹಾಕಿದ್ರೆ ನಿಮ್ಮನೆ ಡೀಟೇಲ್ಸ್ ಎಲ್ಲಾ ಬಂದುಬಿಡುತ್ತೆ.”

ವಾಪಸು ಬರುವಾಗ ಆಟೋದಲ್ಲಿ ಹನುಮಕ್ಕ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಆಮೇಲೆ ಸೊಸೆಯ ಕಡೆ ತಿರುಗಿ ಕೇಳಿದರು.

“ಎಲ್ಲಾ ಅಂದ್ರೆ ಏನೇನೇ ಬಿಂದು?”

ಅದು ಸುಮ್ಮನೆ ಕೇಳಿದ ಪ್ರಶ್ನೆ. ಅದಕ್ಕೆ ಹೆಸರು, ವಿಳಾಸ ಎಂದು ಉತ್ತರ ಕೊಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಆ ಹೊತ್ತಿಗೆ ಗುಬ್ಬಿಯ ಮುದುಕಿ ಬಿಂದುಶ್ರೀಯ ಕಣ್ಣ ಮುಂದೆ ಬಂದು ನಿಂತಳು.

“ಎಲ್ಲಾ ಅಂದ್ರೆ ಎಲ್ಲಾ ಅತ್ತೆ” ಎಂದಳು. “ಅದರ ಮುಂದೆ ಯಾರು ಏನು ಮಾತಾಡಿದ್ರೂ ಒಳಗೆ ರೆಕಾರ್ಡ್ ಆಗ್ತಾ ಹೋಗುತ್ತೆ. ಯಾರಾದ್ರೂ ಮಿಷನ್ ಹಿಡಿದ್ರೆ ಕೇಳಿಸುತ್ತೆ.”

ಮುಂದೆ ಡ್ರೈವರ್ ಪಕ್ಕದಲ್ಲಿ ಕೂತಿದ್ದ ಜಯಪ್ರಕಾಶ್ ತಿರುಗಿ ನೋಡಿದ. ಹೆಂಡತಿಯ ಮುಖ ನೋಡಿ ಮತ್ತೆ ಮುಂದಕ್ಕೆ ತಿರುಗಿದ.

“ಓಹೋ” ಎಂದರು ಹನುಮಕ್ಕ. ಬುಟ್ಟಿಯ ಮೇಲಿನ ಟವೆಲನ್ನು ಸ್ವಲ್ಪ ಬಿಗಿಯಾಗಿ ಮುಚ್ಚಿದರು.

ಸೋಮವಾರ ಹನ್ನೊಂದು ಗಂಟೆ ಆಯಿತು. ವಾರ್ತೆ ಬರಲಿಲ್ಲ. ಹನುಮಕ್ಕ ದಿವಾನದ ಮೇಲೆ ಕೂತು ಫೋನ್ ಕೈಗೆತ್ತಿಕೊಂಡರು, ಪಕ್ಕದಲ್ಲಿ ಮಲಗಿದ್ದ ಅಮಲ್ದಾರರನ್ನು ನೋಡಿದರು, ಫೋನ್ ಕೆಳಗಿಟ್ಟರು. ಅಡುಗೆಮನೆಯಲ್ಲಿ ಬಿಂದುಶ್ರೀ ತೊಳೆಯುತ್ತಿದ್ದ ಲೋಟ ಹಿಡಿದುಕೊಂಡೇ ಒಂದು ನಿಮಿಷ ಕಣ್ಣು ಮುಚ್ಚಿ ನಿಂತಳು. ಅಂಥ ನಿಶ್ಶಬ್ದವನ್ನು ಅವಳು ಎರಡು ವರ್ಷದಿಂದ ಕೇಳಿರಲಿಲ್ಲ.

ಮಂಗಳವಾರವೂ ಇಲ್ಲ, ಬುಧವಾರವೂ ಇಲ್ಲ. ಬದಲಿಗೆ ಹನುಮಕ್ಕನಿಗೆ ಭಕ್ತಿ ಹೆಚ್ಚಿತು. ದಿನಾ ಸಂಜೆ ಗಣಪತಿ ಗುಡಿಗೆಂದು ಹೋದರೆ ಒಂದು ಗಂಟೆ ಬಿಟ್ಟು ಬರುವರು. ಚಿಪ್ಪು ಮನುಷ್ಯರನ್ನು ದೇವರ ಕಡೆಗೂ ತಿರುಗಿಸುತ್ತದಲ್ಲ ಎಂದು ಬಿಂದುಶ್ರೀ ಬೆರಗಾದಳು.

ಗುರುವಾರ ಮಾತ್ರ ಹೊಸದೊಂದು ನಡೆಯಿತು. ಊಟವಾದ ಮೇಲೆ ಹನುಮಕ್ಕ ಕೈ ತೊಳೆದು, ಸೆರಗು ಸರಿಪಡಿಸಿಕೊಂಡು, ಅಮಲ್ದಾರರ ಎದುರಿಗೆ ನೆಲದ ಮೇಲೆ ನೆಟ್ಟಗೆ ಕೂತರು. ಗಂಟಲು ಸರಿಮಾಡಿಕೊಂಡು, ಅಡುಗೆಮನೆಗೆ ಕೇಳುವಷ್ಟು ಗಟ್ಟಿಯಾಗಿ ಶುರುಮಾಡಿದರು.

“ನಾನು ಹನುಮಕ್ಕ, ಕಡಬದೋಳು. ಯಾರ ಮೇಲೂ ದೂರು ಹೇಳ್ತಿಲ್ಲ, ಇದ್ದಿದ್ದು ಇದ್ದಂಗೆ ಹೇಳ್ತಿದೀನಿ. ಇವತ್ತಿನ ಸಾರಿಗೆ ಹುಣಸೆಹಣ್ಣು ಜಾಸ್ತಿ. ಇಷ್ಟೇ. ಬರ್ಕಳಪ್ಪ.”

ಬರೆದುಕೊಳ್ಳಬೇಕಾದವರು ಮೀಸೆ ನೆಕ್ಕಿಕೊಂಡರು.

ಬಿಂದುಶ್ರೀ ಬಾಗಿಲಲ್ಲೇ ಕಂಬವಾದಳು. ಏನು ಮಾಡಬೇಕು? ನಕ್ಕರೆ ಸುಳ್ಳು ಬಯಲಾಗುತ್ತದೆ. ಸುಮ್ಮನಿದ್ದರೆ ಏಕಪಕ್ಷೀಯ ದಾಖಲೆಯಾಗುತ್ತದೆ. (ದಾಖಲೆ ಎಲ್ಲೂ ಆಗುವುದಿಲ್ಲವೆಂದು ಅವಳಿಗೆ ಗೊತ್ತು. ಆದರೂ ಮನಸ್ಸು ತಡೆಯಲಿಲ್ಲ.) ಕೈ ಒರೆಸಿಕೊಂಡು ಬಂದು ತಾನೂ ಬೆಕ್ಕಿನ ಎದುರಿಗೆ ಕೂತಳು.

“ನಾನು ಬಿಂದುಶ್ರೀ. ನಮ್ಮತ್ತೆ ಹಿರಿಯರು, ಅವರು ಹೇಳಿದ್ದು ಸರಿಯಾಗೇ ಇರುತ್ತೆ. ಆದ್ರೆ ಹುಣಸೆಹಣ್ಣು ಹೊಸದು, ಹುಳಿ ಜಾಸ್ತಿ. ನಾಳೆಯಿಂದ ಕಮ್ಮಿ ಹಾಕ್ತೀನಿ.”

“ಕೇಳಿಸ್ಕಂಡೆಯಾ ಅಮಲ್ದಾರ” ಎಂದರು ಹನುಮಕ್ಕ. “ನಾಳೆಯಿಂದ ಅಂತ ಅವ್ಳೆ ಅಂದಿರೋದು.”

ಮಾರನೆಯ ದಿನ ಸಾರಿಗೆ ಹುಣಸೆಹಣ್ಣು ಕಮ್ಮಿಯಾಯಿತು. ಅದೂ ದಾಖಲಾಯಿತು. ಅಲ್ಲಿಂದ ಮುಂದೆ ಮನೆಯ ಸಕಲ ವ್ಯವಹಾರವೂ ಅಮಲ್ದಾರರ ಸಮ್ಮುಖದಲ್ಲೇ ನಡೆಯತೊಡಗಿತು. ಫ್ಯಾನಿನ ಧೂಳು, ಚಟ್ನಿಯ ಖಾರ, ಮಲಗುವ ಕೋಣೆಯ ಮಂಚದ ಕೆಳಗೆ ಸೇರುತ್ತಿದ್ದ ಆನ್‌ಲೈನ್ ಪಾರ್ಸೆಲ್ಲುಗಳು, ಎಲ್ಲವೂ ಅಹವಾಲುಗಳಾದವು. ಅತ್ತೆ ಹೇಳಿಕೆ ಕೊಡುವರು, ಸೊಸೆ ಸಮಜಾಯಿಷಿ ಕೊಡುವಳು, ಅಮಲ್ದಾರರು ಆಕಳಿಸಿ ವಿಚಾರಣೆ ಮುಂದಕ್ಕೆ ಹಾಕುವರು. ಜಗಳವೆಂಬುದು ಒಂದೂ ಆಗಲಿಲ್ಲ. ಒಂದು ಭಾನುವಾರ ಇಬ್ಬರೂ ಸೇರಿ ಜಯಪ್ರಕಾಶನನ್ನೂ ಎಳೆದು ಕೂರಿಸಿದರು. ಅವನು ಬೆಕ್ಕಿಗೆ ಕೈ ಮುಗಿದು, “ನಾನು ಜಯಪ್ರಕಾಶ್. ನನಗೇನೂ ಗೊತ್ತಿಲ್ಲ” ಎಂದು ಹೇಳಿ ಎದ್ದುಹೋದ.

ಆಮೇಲೆ ಹೆಂಡತಿಯನ್ನು ಪಕ್ಕಕ್ಕೆ ಕರೆದು ಕೇಳಿದ. “ಅಮ್ಮಂಗೆ ನಿಜ ಹೇಳಿಬಿಡೋದಲ್ವೇನೇ? ಪಾಪ, ಬೆಕ್ಕಿನ ಮುಂದೆ ಕೂತು ಹೇಳಿಕೆ ಕೊಡ್ತಾವ್ರೆ.”

“ಒಂದು ತಿಂಗಳಿಂದ ಹುಲಿಯೂರುದುರ್ಗಕ್ಕೆ ಒಂದು ಫೋನಿಲ್ಲ ರೀ. ನಾನು ಸ್ವರ್ಗದಲ್ಲಿದೀನಿ. ನೀವು ಬಾಯಿಬಿಟ್ಟರೆ ನೋಡಿ.”

“ನಾನ್ಯಾಕೆ ಬಿಡ್ಲಿ” ಎಂದು ಅವನು ಟೀ ಕುಡಿಯಲು ಹೋದ.

ಆದರೆ ಸ್ವರ್ಗದಲ್ಲೂ ಒಂದು ಮುಳ್ಳಿತ್ತು. ಒಂದು ಬೆಳಗ್ಗೆ ಹನುಮಕ್ಕ ಅಮಲ್ದಾರರ ಮುಂದೆ ಹೀಗೆಂದರು: “ಈ ಮನೇಲಿ ರುಬ್ಬೋ ಸದ್ದು ಕೇಳಿ ಮೂರು ತಿಂಗಳಾಯ್ತು. ಇಡ್ಲಿ ಮಾತ್ರ ದಿನ ಬಿಟ್ಟು ದಿನ ಆಗ್ತಾವೆ. ಹಿಟ್ಟು ಮೇಲಿಂದ ಉದುರ್ತದಾ ಅಂತ ನಾನು ಕೇಳಲ್ಲ. ತಿಳಿದೋರು ಪತ್ತೆ ಮಾಡ್ಲಿ.”

ಬಿಂದುಶ್ರೀ ಹಿಟ್ಟಿನ ಪಾತ್ರೆಯನ್ನು ಬೇಗ ಒಳಗೆ ಸರಿಸಿದಳು. ಗ್ರೈಂಡರು ಕೆಟ್ಟ ದಿನದಿಂದ ಅವಳು ಬೀದಿ ಕೊನೆಯ ಅಂಗಡಿಯಿಂದ ಪ್ಯಾಕೆಟ್ ಹಿಟ್ಟು ತಂದು, ಪಾತ್ರೆಗೆ ಸುರಿದು, ಪ್ಯಾಕೆಟನ್ನು ಪಕ್ಕದ ಮನೆಯವರ ಕಸದ ಬುಟ್ಟಿಗೆ ಹಾಕಿ ಬರುತ್ತಿದ್ದಳು. ಆ ಮಧ್ಯಾಹ್ನ ಹಿತ್ತಲಲ್ಲಿ ಬಟ್ಟೆ ಒಣಹಾಕುವಾಗ ಅಮಲ್ದಾರರು ಕಾಲಿಗೆ ಮೈ ತಿಕ್ಕಿದರು. ಅವಳು ಅವರನ್ನು ಎತ್ತಿಕೊಂಡು, ಅತ್ತಿತ್ತ ನೋಡಿ, ಹರಿದ ಕಿವಿಯಲ್ಲಿ ಎಲ್ಲವನ್ನೂ ಹೇಳಿಬಿಟ್ಟಳು. ಗ್ರೈಂಡರಿನ ವಿಷಯ, ಪ್ಯಾಕೆಟ್ಟಿನ ವಿಷಯ, ಒಗ್ಗರಣೆ ನಿಜವಾಗಿಯೂ ಸೀದಿದ್ದ ವಿಷಯ. ಹೇಳಿ ಮುಗಿಸಿದಾಗ ಎದೆ ಹಗುರವಾಗಿತ್ತು. ಅಂದಿನಿಂದ ದಿನಾ ಹತ್ತು ನಿಮಿಷ ಹಿತ್ತಲಿಗೆ ಹೋಗುವುದು ಅಭ್ಯಾಸವಾಯಿತು. ಅವಳಿಗೆ ಬೆಕ್ಕಿನ ಹತ್ತಿರ ಮಾತಾಡಲು ಈಗ ಯಾವ ನೆಪವೂ ಬೇಕಿರಲಿಲ್ಲ. ಹೇಳಿದ್ದನ್ನು ಪೂರ್ತಿ ಕೇಳಿ, ಯಾರಿಗೂ ಹೇಳದೆ ಇರುವ ಜೀವ ಆ ಮನೆಯಲ್ಲಿ ಅದೊಂದೇ.

ಹೀಗಿರುವಾಗ ಆಗಸ್ಟ್ ಮೊದಲ ವಾರ ಎದುರುಮನೆಯಲ್ಲಿ ಗೃಹಪ್ರವೇಶವಾಯಿತು. ರಸ್ತೆಗಡ್ಡಲಾಗಿ ಶಾಮಿಯಾನ ಹಾಕಿದ್ದರು. ಮುಗಿದ ಮೇಲೆ ಶಾಮಿಯಾನದವರು ಬಟ್ಟೆ, ಜಮಖಾನ, ಕುರ್ಚಿ, ಹಂಡೆಗಳನ್ನೆಲ್ಲ ಲಾರಿಗೆ ತುಂಬಿಕೊಂಡು ಹೋದರು. ಅಮಲ್ದಾರರು ಅಂದು ಮಧ್ಯಾಹ್ನದ ಊಟಕ್ಕೆ ಬರಲಿಲ್ಲ. ಸಂಜೆಯೂ ಬರಲಿಲ್ಲ.

ಮರುದಿನ ಅತ್ತೆ ಸೊಸೆ ಜೊತೆಯಾಗಿ ಬಟವಾಡಿಯ ಅಡ್ಡರಸ್ತೆಗಳನ್ನೆಲ್ಲ ಸುತ್ತಿದರು. ಗೋದಾಮಿನ ಬೀಗ ತೆಗೆಸಿದರು. ಹನುಮಕ್ಕ ಪ್ರತಿ ಕಾರಿನ ಕೆಳಗೂ ಬಾಗಿ ಕರೆದರು. ಮಂಡಿ ಮತ್ತೆ ಊದಿಕೊಂಡಿತು. ಮೂರನೆಯ ದಿನ ಅವರು ಮೊಸರನ್ನ ಕಲೆಸಿ, ಒಂದು ಪಾಲು ಪಕ್ಕಕ್ಕಿಟ್ಟು, ಉಳಿದದ್ದನ್ನೂ ತಿನ್ನದೆ ಎದ್ದರು. ಬಿಂದುಶ್ರೀ ಕೆನೆ ತೆಗೆದಿಟ್ಟ ಬಟ್ಟಲು ಅಲ್ಲೇ ಹೆಪ್ಪುಗಟ್ಟಿತ್ತು. ಮನೆಯಲ್ಲಿ ಹೇಳಿಕೆಯೂ ಇಲ್ಲ, ಸಮಜಾಯಿಷಿಯೂ ಇಲ್ಲ. ಇಬ್ಬರಿಗೂ ಹೇಳಬೇಕಾದ್ದು ಬಹಳ ಇತ್ತು. ಒಬ್ಬರಿಗೊಬ್ಬರು ನೇರವಾಗಿ ಹೇಳಿ ರೂಢಿ ತಪ್ಪಿತ್ತು.

ನಾಲ್ಕನೆಯ ದಿನ ಬೆಳಗ್ಗೆ ಬಿಂದುಶ್ರೀ ರಾಗಿರೊಟ್ಟಿ ತಟ್ಟುತ್ತಿದ್ದಾಗ ಫೋನ್ ಬಂತು. ಕೈ ಹಿಟ್ಟಾಗಿದ್ದರಿಂದ ಕಿರುಬೆರಳಲ್ಲಿ ಸ್ಪೀಕರ್ ಒತ್ತಿದಳು.

“ಬಟವಾಡಿ ಬಿಂದುಶ್ರೀಯವ್ರಾ? ನಾನು ಕುಣಿಗಲ್ಲಿಂದ ಶಶಿರೇಖಾ ಅಂತ. ನಿಮ್ಮ ಬೆಕ್ಕು ನಮ್ಮನೇಲೈತೆ ಕಣಮ್ಮ. ಪಕ್ಕದ ಕಲ್ಯಾಣಮಂಟಪದಲ್ಲಿ ಜಮಖಾನ ಬಿಚ್ಚಿದ್ರೆ ಒಳಗಿಂದ ಬಂತಂತೆ. ನಮ್ಮೆಜಮಾನ್ರು ಸಿದ್ದಗಂಗಯ್ಯ ಅಂತ, ಕುದುರೆ ಆಸ್ಪತ್ರೇಲಿ ಕೆಲಸ. ಕುದುರೆಗೆ ಹಿಡಿಯೋ ಮಿಷನ್ನೇ ಇದಕ್ಕೂ ಹಿಡುದ್ರು. ಟಿಕ್ ಅಂತು ನೋಡಿ. ನಿಮ್ಮನೆ ಸಮಾಚಾರ ಎಲ್ಲಾ ಗೊತ್ತಾಯ್ತು.”

ನಡುಮನೆಯಲ್ಲಿ ಅಲಸಂದೆಕಾಯಿ ಬಿಡಿಸುತ್ತಿದ್ದ ಹನುಮಕ್ಕ ಮೊರ ಕೆಳಗಿಟ್ಟು ಅಡುಗೆಮನೆಗೆ ಬಂದರು. ಫೋನಿನ ಹತ್ತಿರ ಬಾಗಿ ಕೇಳಿದರು.

“ಎಲ್ಲಾನಾ ತಾಯಿ?”

“ಹೂಂ ಕಣಮ್ಮ. ಎಲ್ಲಾ.”

ಹನುಮಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ಸೊಸೆಗೆ ಹೇಳಿದರು: “ನಡಿ, ನಾನೂ ಬರ್ತೀನಿ. ನಾನಾಡಿದ ಮಾತಿಗೆ ನಾನೇ ಜವಾಬು ಕೊಡ್ಬೇಕು.”

ಬೇಡವೆನ್ನಲು ಬಿಂದುಶ್ರೀಗೆ ಕಾರಣವೇ ಸಿಗಲಿಲ್ಲ. ಮಂಡಿನೋವೆಂದಳು, ಬಸ್ಸಲ್ಲಿ ಜನ ಎಂದಳು. ಅಷ್ಟರಲ್ಲಿ ಹನುಮಕ್ಕ ಒಳ್ಳೆಯ ಸೀರೆ ಉಟ್ಟುಕೊಂಡು, ಅಕ್ಕಪಕ್ಕದವರಿಗೆ ಹೇಳಿ, ಅಂಗಳದಲ್ಲಿ ನಿಂತು ಯಾರಿಗೋ ಒಂದು ಫೋನೂ ಮಾಡಿ ತಯಾರಾಗಿದ್ದರು.

ಕುಣಿಗಲ್ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಖಾಲಿ ಬುಟ್ಟಿ ಬಿಂದುಶ್ರೀಯ ಮಡಿಲಲ್ಲಿತ್ತು. ಆ ಸಿದ್ದಗಂಗಯ್ಯ ಬಾಯಿಬಿಟ್ಟ ಗಳಿಗೆಗೆ, ಅಮ್ಮಾ ಇದರಲ್ಲಿ ನಂಬರ್ ಬಿಟ್ಟು ಇನ್ನೇನಿಲ್ಲ ಎಂದುಬಿಡುತ್ತಾನೆ. ಊರಿನವರ ಮುಂದೆ ಅತ್ತೆಗೆ ಅವಮಾನ, ತನಗೆ ಅದಕ್ಕಿಂತ ಹೆಚ್ಚು. ಅದಕ್ಕಿಂತ ಈಗಲೇ ಹೇಳಿಬಿಡುವುದು ವಾಸಿ ಎಂದು ಹೆಬ್ಬೂರು ಬರುವಷ್ಟರಲ್ಲಿ ಧೈರ್ಯ ಮಾಡಿದಳು.

“ಅತ್ತೆ, ಒಂದು ಮಾತು. ಬೈಬಾರದು. ಆ ಚಿಪ್ಪಲ್ಲಿ ಮಾತು ರೆಕಾರ್ಡ್ ಆಗಲ್ಲ. ನಾನು ಸುಳ್ಳು ಹೇಳಿದ್ದೆ.”

ಹನುಮಕ್ಕ ಕಡಲೆಕಾಯಿ ಸುಲಿಯುತ್ತಿದ್ದರು. ಸಿಪ್ಪೆಯನ್ನು ಕಿಟಕಿಯಾಚೆ ಹಾಕಿ, “ಗೊತ್ತು ಕಣೇ” ಎಂದರು.

“ಗೊತ್ತಾ? ಯಾವಾಗಿಂದ?”

“ಚಿಪ್ಪು ಹಾಕ್ಸಿದ್ ದಿವಸ ಸಾಯಂಕಾಲ ಕೊತ್ತಂಬರಿ ಸೊಪ್ಪು ತರ್ತೀನಿ ಅಂತ ಹೋದ್ನಲ್ಲ, ಆಗ ಡಾಕ್ಟ್ರಮ್ಮನ್ನ ಕೇಳ್ಕಂಡು ಬಂದೆ. ಪಾಪ, ಮಿಷನ್ನು ಕೈಗೆ ಕೊಟ್ಟು ತೋರ್ಸಿದ್ಲು. ಬರೀ ನಂಬ್ರ.”

ಬಿಂದುಶ್ರೀಗೆ ಬಸ್ಸು ನಿಂತಿದೆಯೋ ಓಡುತ್ತಿದೆಯೋ ತಿಳಿಯಲಿಲ್ಲ. “ಮತ್ತೆ ಒಂದೂವರೆ ತಿಂಗಳಿಂದ ದಿನಾ ಬೆಕ್ಕಿನ ಮುಂದೆ ಕೂತು…”

“ನಿನ್ ಮುಂದೆ ಹೇಳಿದ್ರೆ ಮುಖ ಊದಿಸ್ಕತಿದ್ದೆ. ಬೆಕ್ಕಿನ ಮುಂದೆ ಹೇಳ್ದೆ, ನೀನು ಕೇಳಿಸ್ಕಂಡೆ. ಸಾರಿಗೆ ಹುಳಿ ಕಮ್ಮಿ ಆಯ್ತೋ ಇಲ್ವೋ? ಫ್ಯಾನು ಒರೆಸ್ದ್ಯೋ ಇಲ್ವೋ?” ಒಂದು ಕಾಳು ಬಾಯಿಗೆ ಹಾಕಿಕೊಂಡು ಮುಂದುವರಿಸಿದರು. “ಪ್ಯಾಕೆಟ್ ಹಿಟ್ಟಿಗೆ ಒಂಚೂರು ಮೆಂತ್ಯ ಹಾಕು. ಇಡ್ಲಿ ಇನ್ನೂ ಮೆತ್ತಗೆ ಬರ್ತಾವೆ.”

“ಅದೂ ಗೊತ್ತಾ?”

“ಹಿತ್ಲ ಕಿಟಕಿ ತೆಗೆದೇ ಇರ್ತದಲ್ಲವ್ವ.”

ಬಿಂದುಶ್ರೀಗೆ ಮೊದಲು ಸಿಟ್ಟು ಬಂತು. ಆಮೇಲೆ ನಾಚಿಕೆಯಾಯಿತು. ಆಮೇಲೆ ಇದ್ದಕ್ಕಿದ್ದಂತೆ ನಗು ಬಂತು. ಹನುಮಕ್ಕನೂ ಎಂಟು ಹಲ್ಲು ಬಿಟ್ಟು ನಕ್ಕರು. ಮುಂದಿನ ಸೀಟಿನವರು ತಿರುಗಿ ನೋಡಿದರು. ಮದುವೆಯಾಗಿ ಒಂಬತ್ತು ವರ್ಷಕ್ಕೆ ಇಬ್ಬರೂ ಒಂದೇ ಮಾತಿಗೆ ನಕ್ಕದ್ದು ಅದೇ ಮೊದಲು. ಹನುಮಕ್ಕ ಒಂದು ಹಿಡಿ ಕಡಲೆಕಾಯಿ ಸೊಸೆಯ ಬುಟ್ಟಿಗೆ ಹಾಕಿದರು. ಎಲ್ಲವೂ ಬಗೆಹರಿಯಿತೆಂದು ಬಿಂದುಶ್ರೀ ನೆಮ್ಮದಿಯಿಂದ ಒಂದನ್ನು ಸುಲಿದಳು. ಅರ್ಧ ಸುಲಿದಾಗ ಏನೋ ಹೊಳೆಯಿತು.

“ಅತ್ತೆ, ಇದನ್ನೆಲ್ಲ ನೀವು ಯಾರಿಗೂ ಹೇಳಿಲ್ಲ ತಾನೆ?”

ಹನುಮಕ್ಕ ಕಿಟಕಿಯಾಚೆಯ ತೆಂಗಿನ ತೋಟಗಳನ್ನು ಆಸಕ್ತಿ ವಹಿಸಿ ನೋಡತೊಡಗಿದರು.

“ಅತ್ತೆ.”

“ರೇವಿಗೆ ಒಂಚೂರು ಹೇಳಿದ್ದೆ.”

“ಯಾವಾಗ? ನೀವು ಫೋನೇ ಮಾಡ್ತಿರಲಿಲ್ಲವಲ್ಲ.”

“ಗುಡೀಲಿ ಜಗುಲಿ ಐತಲ್ಲ. ಗಾಳಿ ಚೆನ್ನಾಗ್ ಬರ್ತದೆ.”

ಒಂದು ಗಂಟೆಯ ಭಕ್ತಿ ಈಗ ಬಿಂದುಶ್ರೀಗೆ ಅರ್ಥವಾಯಿತು. “ಏನಂತ ಹೇಳಿದ್ರಿ?”

“ನೀನು ದಿನಾ ಬೆಕ್ಕಿನ ಹತ್ರ ಮಾತಾಡ್ತೀಯ ಅಂತ. ಹಿತ್ಲಲ್ಲಿ ಅದರ ಕಿವೀಲಿ ಗುಟ್ಟು ಹೇಳ್ತೀಯ ಅಂತ. ಅಷ್ಟೇ.”

“ಯಾಕೆ ಮಾತಾಡ್ತೀನಿ ಅಂತ ಹೇಳಿದ್ರಾ? ಚಿಪ್ಪಿನ ವಿಷಯ?”

ಹನುಮಕ್ಕನಿಗೆ ನಿಜವಾಗಿಯೂ ನೋವಾಯಿತು. “ಅದನ್ನ ಹೇಳಿದ್ರೆ ನನ್ ಸೊಸೆ ಸುಳ್ಳಿ ಅಂತ ಆಗ್ತಿರಲಿಲ್ವಾ? ನಿನ್ ಮಾನ ನಾನೇ ಕಳೀಲಾ?”

ಕುಣಿಗಲ್ಲಿನಲ್ಲಿ ಶಶಿರೇಖಾ ಅವರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲ ಹೊರಗೆ ಏಳೆಂಟು ಜೊತೆ ಚಪ್ಪಲಿಗಳಿದ್ದವು. ಒಳಗೆ ಜಮಖಾನದ ಮೇಲೆ ರೇವಮ್ಮನವರು, ಅವರ ಕುಣಿಗಲ್ಲಿನ ನಾದಿನಿ, ನಾದಿನಿಯ ಸೊಸೆ, ಇನ್ನೂ ನಾಲ್ಕು ಜನ ಹೆಂಗಸರು ಸಾಲಾಗಿ ಕೂತಿದ್ದರು. ಅಂಗಳದಿಂದ ಹೋಗಿದ್ದ ಫೋನ್ ಹುಲಿಯೂರುದುರ್ಗಕ್ಕೇ ಎಂಬುದು ಬಿಂದುಶ್ರೀಗೆ ಆಗ ಗೊತ್ತಾಯಿತು. ರೇವಮ್ಮನವರ ಮುಂದೆ ಒಂದು ತಟ್ಟೆಯಲ್ಲಿ ವಿಭೂತಿ, ನಿಂಬೆಹಣ್ಣು, ಕಪ್ಪು ದಾರ ಇದ್ದವು.

ಅವಳು ಒಳಗೆ ಕಾಲಿಟ್ಟದ್ದೇ ಎಲ್ಲರೂ ಮಾತು ನಿಲ್ಲಿಸಿದರು. ಯಾರೂ ಸಾರಿನ ಸುದ್ದಿ ಎತ್ತಲಿಲ್ಲ, ಒಗ್ಗರಣೆಯ ಸುದ್ದಿಯೂ ಇಲ್ಲ. ನಾದಿನಿ ಫ್ಯಾನ್ ಜೋರು ಮಾಡಿದಳು. ಶಶಿರೇಖಾ ಮಜ್ಜಿಗೆ ತಂದು, ಚಿಕ್ಕ ಮಕ್ಕಳಿಗೆ ಕುಡಿಸುವಂತೆ ಲೋಟ ಕೈಗೆ ಹಿಡಿಸಿದರು.

“ಕೂತ್ಕೊ ಮಗಳೇ” ಎಂದರು ರೇವಮ್ಮ. ಅವರು ಬಿಂದುಶ್ರೀಯನ್ನು ಮಗಳೇ ಎಂದು ಕರೆದದ್ದು ಅದೇ ಮೊದಲು. “ರಾತ್ರಿ ನಿದ್ದೆ ಚೆನ್ನಾಗ್ ಬರ್ತದಾ?”

“ಚಿಕ್ಕತ್ತೆ, ನೀವು ತಪ್ಪು ತಿಳ್ಕೊಂಡಿದೀರ. ನನಗೇನೂ ಆಗಿಲ್ಲ.”

“ಇಲ್ಲ ಕಣವ್ವ, ಏನೂ ಆಗಿಲ್ಲ” ಎಂದರು ಎಲ್ಲರೂ ಒಟ್ಟಿಗೆ, ಬಹಳ ಮೆತ್ತಗೆ.

“ಹಾಗಲ್ಲ. ಬೆಕ್ಕಿಗೆ ಚಿಪ್ ಹಾಕಿಸಿದೀವಲ್ಲ, ಅದರಲ್ಲಿ ನಾವು ಮಾತಾಡಿದ್ದೆಲ್ಲ ರೆಕಾರ್ಡ್ ಆಗುತ್ತೆ ಅಂತ ನಾನು…”

ರೇವಮ್ಮ ಅಕ್ಕನ ಕಡೆ ನೋಡಿ ನಿಟ್ಟುಸಿರು ಬಿಟ್ಟರು. “ರೆಕಾರ್ಡ್ ಬೇರೆ ಆಗ್ತದಂತೆ” ಎಂದರು. ಸಿದ್ದಗಂಗಯ್ಯ ಬಾಗಿಲ ಬಳಿ ನಿಂತಿದ್ದವರು, “ಇಲ್ಲ ತಂಗಿ, ಅದರಲ್ಲಿ ನಂಬರ್ ಒಂದೇ ಇರೋದು, ಹೆದರ್ಕೋಬೇಡಿ” ಎಂದು ಧೈರ್ಯ ಹೇಳಿದರು.

“ನನಗೆ ಗೊತ್ತು. ಅದು ಸುಳ್ಳು ಅಂತ ನನಗೂ ಗೊತ್ತು. ಅತ್ತೆಗೆ ಸುಮ್ಮನೆ ಹಾಗೆ ಹೇಳಿದ್ದೆ. ಅತ್ತೆ, ನೀವಾದ್ರೂ ಹೇಳಿ.”

ಎಲ್ಲರೂ ಹನುಮಕ್ಕನ ಕಡೆ ತಿರುಗಿದರು. ಹನುಮಕ್ಕ ಸೊಸೆಯನ್ನು ಮಮತೆಯಿಂದ ನೋಡಿದರು. ಅವಳ ಮಾನ ಕಾಪಾಡುವ ಗಳಿಗೆ ಬಂದಿತ್ತು, ಕಾಪಾಡಿಯೇಬಿಟ್ಟರು.

“ನಮ್ ಬಿಂದು ಜನ್ಮದಲ್ಲಿ ಒಂದು ಸುಳ್ಳು ಹೇಳ್ದೋಳಲ್ಲ ಕಣೇ ರೇವಿ.”

ರೇವಮ್ಮ ತಲೆಯಾಡಿಸಿ ಕಪ್ಪು ದಾರ ಎತ್ತಿಕೊಂಡರು. ಬಿಂದುಶ್ರೀ ಬಲಗೈ ಚಾಚಿದಳು. ಮೂರು ಗಂಟು ಬಿತ್ತು. ಹಣೆಗೆ ವಿಭೂತಿ ಬಿತ್ತು. ನಿಂಬೆಹಣ್ಣು ಮೂರು ಸುತ್ತು ಸುತ್ತಿ ಬಾಗಿಲಾಚೆ ಹೋಯಿತು. ಅಷ್ಟರಲ್ಲಿ ಒಳಕೋಣೆಯ ಬಾಗಿಲು ತೆರೆದು ಅಮಲ್ದಾರರು ಹೊರಬಂದರು. ನಾಲ್ಕು ದಿನದ ಮದುವೆಯೂಟದಿಂದ ಮೈ ತುಂಬಿಕೊಂಡಿದ್ದರು. ಏಳು ಜನರನ್ನು ಬಿಟ್ಟು ನೆಟ್ಟಗೆ ಬಂದು ಬಿಂದುಶ್ರೀಯ ಮಡಿಲಿಗೆ ಹಾರಿ, ಅವಳ ಗದ್ದಕ್ಕೆ ತಲೆ ಒತ್ತಿದರು. ಅವಳ ಕಣ್ಣಲ್ಲಿ ನೀರು ಬಂತು. ಅದನ್ನೂ ಎಲ್ಲರೂ ನೋಡಿದರು.

“ಏನಾದ್ರೂ ಹೇಳವ್ವ ಅದಕ್ಕೆ” ಎಂದರು ರೇವಮ್ಮ. “ಸಂಕೋಚ ಬೇಡ. ನಾವೆಲ್ಲ ನಿನ್ನೋರೇ.”

ಹೆಂಗಸರೆಲ್ಲ ಒಂದು ಗೇಣು ಮುಂದಕ್ಕೆ ಸರಿದರು. ಬಿಂದುಶ್ರೀ ತುಟಿ ಬಿಗಿಹಿಡಿದಳು. ಒಂದಕ್ಷರ ಆಡಬಾರದೆಂದು ನಿರ್ಧರಿಸಿದಳು. ಅಮಲ್ದಾರರು ಅವಳ ಮುಖ ನೋಡುತ್ತ ಕಾದರು. ಒಂದೂವರೆ ತಿಂಗಳ ಅಭ್ಯಾಸ. ನಾಲ್ಕು ದಿನ ಕಾಣದೆ ಇದ್ದ ಸಂಕಟ ಬೇರೆ.

“ಎಲ್ಲಿ ಹೋಗಿದ್ಯೋ ನನ್ನ ಬಿಟ್ಟು?” ಎಂದುಬಿಟ್ಟಳು.

“ಮ್ಯಾವ್” ಎಂದರು ಅಮಲ್ದಾರರು.

ಹೆಂಗಸರೆಲ್ಲ ಕೆನ್ನೆಗೆ ಬೆರಳಿಟ್ಟರು. ನಾದಿನಿಯ ಸೊಸೆ ಮಾತ್ರ ಬೆರಳಿಡಲಿಲ್ಲ. ಅವಳ ಎರಡು ಕೈಯಲ್ಲೂ ಮೊಬೈಲಿತ್ತು. ಅದರ ಮೂಲೆಯಲ್ಲಿ ಕೆಂಪು ಚುಕ್ಕಿಯೊಂದು ಮಿನುಗುತ್ತಿತ್ತು.

ವಾಪಸು ಬಸ್ಸು ಇನ್ನೂ ಹೆಬ್ಬೂರು ದಾಟಿರಲಿಲ್ಲ, ಬಿಂದುಶ್ರೀಯ ಫೋನ್ ಹೊಡೆದುಕೊಂಡಿತು. ಜಯಪ್ರಕಾಶ್. ಯಾರ ಫೋನನ್ನೂ ಎತ್ತದ, ಯಾರಿಗೂ ಫೋನ್ ಮಾಡದ ಗಂಡ ತಾನಾಗಿ ಕರೆ ಮಾಡಿದ್ದ. ಹಿಂದುಗಡೆ ಅವನ ಆಫೀಸಿನವರು ಗುಂಪಾಗಿ ಪಿಸುಗುಡುತ್ತಿದ್ದದ್ದು ಕೇಳಿಸಿತು.

“ವಿಡಿಯೋ ಬಂತು ಕಣೇ. ಕಡಬದೋರು, ಗುಬ್ಬಿಯೋರು ಎಲ್ಲಾ ಕಳಿಸವ್ರೆ” ಎಂದ. ಆಮೇಲೆ ಎರಡು ಪಕ್ಷದವರನ್ನೂ ಕೇಳಿಯೇ ಮಾತಾಡುವ ತನ್ನ ಎಂದಿನ ನ್ಯಾಯದ ದನಿಯಲ್ಲಿ ವಿಚಾರಿಸಿದ: “ಅಮಲ್ದಾರ ಏನಂತು?”